ಒಂದನೇ ಕಿವಿ

ತಲೆಸುತ್ತು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ನನ್ನನ್ನು ನೋಡಲು ಬಂದರೆ ನಾನು ಮೊದಲು ಅವರ ಕಿವಿ ನೋಡುತ್ತೇನೆ. ಮುಖ ಆಮೇಲೆ. ಇಡೀ ನೌಕರಿಯನ್ನು ಜನರ ಕಿವಿಗೆ ನೀರು ಬಿಟ್ಟುಕೊಂಡೇ ಕಳೆದವನಿಗೆ ಮುಖ ಮರೆತುಹೋಗುತ್ತದೆ, ಕಿವಿ ಮರೆಯುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ಉದ್ದಕ್ಕೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ತಲೆ ತಿರುಗಿ ಬಿದ್ದವರೆಲ್ಲ ನನ್ನ ಕೈಯಲ್ಲಿ ಇನ್ನೊಂದು ಸಲ ತಲೆ ತಿರುಗಿಸಿಕೊಂಡೇ ಹೋಗಿದ್ದಾರೆ. ನನ್ನಷ್ಟು ಜನರಿಗೆ ತಲೆ ತಿರುಗಿಸಿದ ಗಂಡಸು ಈ ನಾಲ್ಕು ಊರಲ್ಲಿ ಇನ್ನೊಬ್ಬನಿಲ್ಲ ಎಂದರೆ ನನ್ನ ಹೆಂಡತಿ ಒಳಗಿನಿಂದ ಕೆಮ್ಮುತ್ತಾಳೆ. ಕೆಮ್ಮಲಿ.

ಈಗ ನೀವು ರೋಗಿಗೆ ಕ್ಯಾಮೆರಾ ಇರುವ ಕಪ್ಪು ಕನ್ನಡಕ ಹಾಕಿ ಗುಂಡಿ ಒತ್ತುತ್ತೀರಿ. ಕಂಪ್ಯೂಟರು ಬಣ್ಣಬಣ್ಣದ ಗೆರೆ ಎಳೆದು, ಕೆಳಗೆ ಷರಾ ಕೂಡ ಬರೆದುಕೊಡುತ್ತದೆ. ನಮ್ಮದು ಹಾಗಿರಲಿಲ್ಲ. ಪರದೇಶದಿಂದ ಬಂದಿದ್ದ ಒಂದು ಪೆಟ್ಟಿಗೆ, ಎತ್ತಲು ಇಬ್ಬರು ಬೇಕು. ರೋಗಿಯ ಎರಡೂ ಕಣ್ಣಿನ ಹೊರತುದಿಗೆ ಬಿಲ್ಲೆ ಅಂಟಿಸಿ ತಂತಿ ಎಳೆದರೆ, ಕಣ್ಣುಗುಡ್ಡೆ ಹೊರಳಿದ ಹಾಗೆಲ್ಲ ಪೆಟ್ಟಿಗೆಯ ಪೆನ್ನು ಓಡುವ ಕಾಗದದ ಮೇಲೆ ಹೊರಳುತ್ತಿತ್ತು. ಕಣ್ಣು ಬಲಕ್ಕೆ ಹೋದರೆ ಪೆನ್ನು ಮೇಲಕ್ಕೆ, ಎಡಕ್ಕೆ ಬಂದರೆ ಕೆಳಕ್ಕೆ. ರೆಪ್ಪೆ ಮುಚ್ಚಿದ್ದರೂ ಅದಕ್ಕೆ ಗೊತ್ತಾಗುತ್ತಿತ್ತು.

ಕಿವಿಯ ಒಳಗೆ ಬಳೆಯಂಥ ಮೂರು ಸಣ್ಣ ಕೊಳವೆಗಳಿವೆ, ಅದರಲ್ಲಿ ನೀರಿನಂಥ ದ್ರವವಿದೆ. ಹೊರಗಿನಿಂದ ಕಿವಿಗೆ ತಣ್ಣೀರೋ ಬಿಸಿನೀರೋ ಬಿಟ್ಟರೆ ಒಳಗಿನ ದ್ರವ ಕದಲುತ್ತದೆ. ಮಲಗಿದವನಿಗೆ ಕೋಣೆಯೇ ಸುತ್ತಿದ ಹಾಗಾಗುತ್ತದೆ. ಕಣ್ಣು ನಿಧಾನ ಒಂದು ಕಡೆ ಜಾರಿ, ಪಟಕ್ಕನೆ ವಾಪಸು ಹಾರುತ್ತದೆ. ಕಾಗದದ ಮೇಲೆ ಗರಗಸದ ಹಲ್ಲು ಮೂಡುತ್ತದೆ. ಹಲ್ಲು ದೊಡ್ಡದಿದ್ದರೆ ಆ ಕಿವಿ ಗಟ್ಟಿ, ಸಣ್ಣದಿದ್ದರೆ ರೋಗ ಅಲ್ಲಿದೆ. ಹಲ್ಲು ಯಾವ ಕಡೆಗೆ ವಾಲಬೇಕು ಎನ್ನುವುದಕ್ಕೂ ಲೆಕ್ಕವುಂಟು. ಬಲಗಿವಿಯ ತಣ್ಣೀರಿಗೆ ಒಂದು ಕಡೆ, ಎಡಗಿವಿಯ ತಣ್ಣೀರಿಗೆ ಅದರ ಎದುರು ಕಡೆ. ಇಷ್ಟು ತಿಳಿದರೆ ಸಾಕು, ಮುಂದಿನದೆಲ್ಲ ನಿಮಗೆ ಅರ್ಥವಾಗುತ್ತದೆ.

ಕೋಣೆ ಮಾತ್ರ ಕಗ್ಗತ್ತಲಿರಬೇಕು. ಒಂದು ಚೂರು ಬೆಳಕು ಕಂಡರೂ ಕಣ್ಣು ಅದನ್ನು ಹಿಡಿದುಕೊಂಡು ನಿಂತುಬಿಡುತ್ತದೆ, ಹಲ್ಲು ಅಳಿಸಿಹೋಗುತ್ತದೆ. ಹಾಗಾಗಿ ಯಾವ ಊರಿಗೆ ಹೋದರೂ ಮಟಮಟ ಮಧ್ಯಾಹ್ನ ಕಿಟಕಿ ಬಾಗಿಲಿಗೆಲ್ಲ ಕರಿ ಕಂಬಳಿ ಹೊಡೆದು, ರೋಗಿಯ ಕಣ್ಣಿಗೆ ಕರಿ ಬಟ್ಟೆ ಕಟ್ಟಿ, ನಾವು ಬರಿಗಾಲಲ್ಲಿ ಓಡಾಡುತ್ತಿದ್ದೆವು. ಹೊರಗೆ ಬಸ್ಸಿನ ಹಾರ್ನು, ಕಡಲೆಕಾಯಿ ಮಾರುವವನ ಕೂಗು. ಒಳಗೆ ನೀರು ತೊಟ್ಟಿಕ್ಕುವ ಸದ್ದು, ಪೆನ್ನು ಕಾಗದ ಕೆರೆಯುವ ಸದ್ದು. ರೋಗಿ ಮಂಪರಿಗೆ ಜಾರಿದರೂ ಗೆರೆ ಕೆಡುತ್ತದೆ. ಅದಕ್ಕೆ ಅವರನ್ನು ಮಾತಾಡಿಸುತ್ತಲೇ ಇರಬೇಕು. ಪುಸ್ತಕದಲ್ಲಿ ನೂರರಿಂದ ಹಿಂದಕ್ಕೆ ಎಣಿಸಲು ಹೇಳಿ ಎಂದಿತ್ತು. ನಮ್ಮ ಜನಕ್ಕೆ ಅದೆಲ್ಲ ಒಗ್ಗದು. ನಿಮ್ಮ ಬೀದಿಯ ಮನೆಗಳನ್ನು ಈ ತುದಿಯಿಂದ ಆ ತುದಿಗೆ ಹೇಳಿಕೊಂಡು ಬನ್ನಿ ಎನ್ನುತ್ತಿದ್ದೆ. ಇದು ನನ್ನ ಆವಿಷ್ಕಾರ. ಬೇರೆ ಯಾರಾದರೂ ತಮ್ಮದೆಂದರೆ ನಂಬಬೇಡಿ.

ನನ್ನ ಜೊತೆಗಾರ ಹಾಲೇಶಿ, ಹೊನ್ನಾಳಿ ಕಡೆಯವನು. ಕತ್ತಲಲ್ಲಿ ಅವನು ಯಂತ್ರದ ಮುಂದೆ ಕೂತು, ರಟ್ಟಿನ ಮರೆಯೊಳಗೆ ಕೆಂಪು ಟಾರ್ಚು ಹಿಡಿದು ಕಾಗದದ ಮೇಲೆ ಗುರುತು ಹಾಕುತ್ತಿದ್ದ. ನಾನು ನೀರು ಬಿಡುವವನು. ಎಡ, ಬಲ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ರೋಗಿಯ ಕಣ್ಣು ಆ ಕಡೆ ಹೊರಳಿಬಿಡುತ್ತದೆ ಎಂದು ನಮ್ಮ ಭಾವನೆ. ಅದಕ್ಕೆ ನಾನು "ಒಂದು" ಎಂದರೆ ಅವನು "ಬಲ" ಎಂದು ಬರೆಯಬೇಕು, "ಎರಡು" ಎಂದರೆ "ಎಡ". ಪೇಟೆಯ ನಮ್ಮ ಆಸ್ಪತ್ರೆಯಲ್ಲಿ ಯಂತ್ರ ಮಂಚದ ಬಲಗಡೆಗಿತ್ತು, ನಾನು ಅದರ ಪಕ್ಕ ನಿಲ್ಲುತ್ತಿದ್ದೆ. ಕೈಗೆ ಹತ್ತಿರದ ಕಿವಿಯೇ ಒಂದು. ಮಂಚ ಸುತ್ತಿ ಹೋಗಿ ಮುಟ್ಟುವ ದೂರದ ಕಿವಿ ಎರಡು. ವರ್ಷಗಟ್ಟಲೆ ಹೀಗೇ ಮಾಡಿ ಮಾಡಿ ಅದು ತಲೆಯ ಲೆಕ್ಕವಾಗಿ ಉಳಿಯದೆ ಕಾಲಿನ ಲೆಕ್ಕವಾಗಿಬಿಟ್ಟಿತ್ತು.

ನಮ್ಮ ಮೇಲಿನವರು ಸುಶೀಲಾ ಡಾಕ್ಟರು. ಕಾಗದದ ಸುರುಳಿಯನ್ನು ವರಾಂಡದ ಉದ್ದಕ್ಕೂ ಹಾಸಿ, ಮಂಡಿಯೂರಿ, ಸ್ಕೇಲು ಹಿಡಿದು ಒಂದೊಂದು ಹಲ್ಲನ್ನೂ ಅಳೆಯುತ್ತಿದ್ದರು. ನಾನು ಮೊದಲ ವಾರವೇ ಒಬ್ಬ ಹೊಸ ನರ್ಸಿನ ಕಿವಿಗೆ ತಣ್ಣೀರು ಬಿಟ್ಟು, ಎದ್ದು ನಡೆಯಮ್ಮಾ ಎಂದು ಹೇಳಿ, ಆಕೆ ಗೋಡೆ ತಬ್ಬಿಕೊಂಡದ್ದನ್ನು ನೋಡಿ ನಕ್ಕಿದ್ದೆ. ಆಪರೇಷನ್ ಕೋಣೆಯ ಬಾಗಿಲು ಬಡಿದು, ಕರೆಂಟು ಹೋಗುತ್ತದಂತೆ ಎಂದು ಕೂಗಿ ಓಡಿದ್ದೂ ಉಂಟು. ಡಾಕ್ಟರು ಕೂಗಾಡುವವರಲ್ಲ. ಒಂದೇ ಮಾತು ಹೇಳಿದ್ದರು. "ಪೆನ್ನಿಗೆ ನಗೋಕೆ ಬರಲ್ಲ ಕಣಯ್ಯ. ನಿಂಗೆ ನಗು ಬಂದಾಗ ಅದರ ಹತ್ರ ಹೋಗ್ಬೇಡ."

ನಾನು ಹೋದೆ. ಚನ್ನಗಿರಿಯ ಶಿಬಿರದಲ್ಲಿ. ಉಬ್ರಾಣಿಯ ಒಬ್ಬ ಹೆಣ್ಣುಮಗಳು ಮಂಚದ ಮೇಲೆ ಮಲಗಿದ್ದಳು. ಹಾಲೇಶಿ ಆಚೆ ಹೋದಾಗ ನಾನು ಎರಡು ತಂತಿಗಳನ್ನು ಅದಲುಬದಲು ಸಿಕ್ಕಿಸಿದೆ. ಈಗ ಕಣ್ಣು ಬಲಕ್ಕೆ ಹೋದರೆ ಪೆನ್ನು ಕೆಳಕ್ಕೆ. ಹಲ್ಲುಗಳೆಲ್ಲ ತಿರುಗುಮುರುಗು ಬಂದವು. ಹಾಲೇಶಿ ಬೆವರಿಬಿಟ್ಟ. ಬಿಸಿನೀರಿನ ಫ್ಲಾಸ್ಕು ತಣ್ಣೀರಿನ ಫ್ಲಾಸ್ಕು ಬದಲಾಯಿತೇನೋ ಎಂದು ಎರಡಕ್ಕೂ ಬೆರಳದ್ದಿ ನೋಡಿದ. ನಾನು ಕತ್ತಲಲ್ಲಿ ಬಾಯಿಗೆ ಟವೆಲ್ಲು ತುರುಕಿಕೊಂಡು ನಗುತ್ತಿದ್ದೆ.

ಅಷ್ಟರಲ್ಲಿ ಆ ಹೆಣ್ಣುಮಗಳು ಬೀದಿಯ ಮನೆಗಳ ಹೆಸರು ಹೇಳುವುದನ್ನು ನಿಲ್ಲಿಸಿ, ಬಹಳ ಸಣ್ಣ ದನಿಯಲ್ಲಿ, "ಅಣ್ಣಾ, ಯಾರೋ ನಾಕು ಜನ ಮಂಚ ಎತ್ಕಂಡು ಹೊಂಟಾರೆ. ಎಲ್ಲಿಗೆ ಅಂತ ಕೇಳ್ರಿ" ಎಂದಳು.

ನನ್ನ ನಗು ನಿಂತಿತು. ಮಂಚದ ನಾಲ್ಕು ಮೂಲೆಯಲ್ಲಿ ಯಾರೂ ಇಲ್ಲ ಎಂದು ಗೊತ್ತಿದ್ದೂ ಕೈಚಾಚಿ ನಾಲ್ಕೂ ಮೂಲೆ ಸವರಿ ನೋಡಿದೆ. ಬೆಳಕು ಹಾಕಿ, ತಂತಿ ಸರಿಮಾಡಿ, ಹಾಲೇಶಿಗೆ ವಿಷಯ ಹೇಳಿದೆ. ಅವನು ಬಯ್ಯಲಿಲ್ಲ. "ಆತು ಬಿಡ್ರಿ. ನನ್ ಸರದೀನೂ ಬರ್ತೈತೆ" ಎಂದಷ್ಟೇ ಹೇಳಿ ಗುರುತು ಹಾಕತೊಡಗಿದ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅದೇ ಮುಂದೆ ಕುತ್ತು ತಂದದ್ದು.

ಹೊನ್ನಾಳಿಯದು ಬೇರೆ ಥರ. ಸಿಡುಬಿನಲ್ಲಿ ಎರಡೂ ಕಣ್ಣು ಹೋಗಿದ್ದ ಒಬ್ಬ ಮುದುಕ ಬಂದಿದ್ದ, ಹಿಂದೆ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವರ ಪೈಕಿ. ಕುರುಡನಿಗೆ ಕಣ್ಣಿನ ಪರೀಕ್ಷೆಯೇ ಎಂದು ನಾನು ಗೇಲಿ ಮಾಡಿದೆ. ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಪೆನ್ನು ಎದ್ದು ಕುಣಿಯತೊಡಗಿತು. ಬೆಳಕನ್ನೇ ಕಾಣದ ಗುಡ್ಡೆಗಳು ಬಟ್ಟೆಯಡಿಯಲ್ಲಿ ಏನನ್ನೋ ಹುಡುಕಿ ಹುಡುಕಿ ವಾಪಸು ಹಾರುತ್ತಿದ್ದವು. ಹೊಳೆ ಮೇಲಕ್ಕೆ ಹರೀತೈತೆ, ದೋಣಿ ಕಟ್ರಪ್ಪೋ ಎಂದು ಮುದುಕ ಮಂಚದ ಅಂಚು ಹಿಡಿದುಕೊಂಡ. ಕಣ್ಣು ಆಡಿಸುವುದು ಕಣ್ಣಲ್ಲ, ಕಿವಿ ಎಂದು ಪುಸ್ತಕದಲ್ಲಿ ಓದಿದ್ದೆ. ಆವತ್ತು ಅದನ್ನು ನೋಡಿ ಮೈ ಜುಮ್ಮೆಂದಿತು.

ಜಗಳೂರಿಗೆ ಹೋದದ್ದು ಅದಾದ ಮೇಲಿನ ಬೇಸಿಗೆಯಲ್ಲಿ. ಸೊಕ್ಕೆಯ ಓಬಯ್ಯ ಎಂಬಾತನನ್ನು ಹೆಂಡತಿ ತಿಪ್ಪಮ್ಮ ಕೈಹಿಡಿದು ಕರೆತಂದಳು. ಐವತ್ತು ದಾಟಿದ, ಒಣಕಲು ಮೈಯ ಮನುಷ್ಯ. ನೆಲದಡಿ ಎಲ್ಲಿ ನೀರಿದೆ ಎಂದು ನೋಡಿ ಹೇಳುವುದು, ಆಮೇಲೆ ಅಲ್ಲೇ ಬಾವಿಗಿಳಿದು ಬಂಡೆಗೆ ಮದ್ದು ಇಡುವುದು ಅವನ ಕಸುಬು. ಮದ್ದಿನ ಸದ್ದಿಗೆ ಎರಡೂ ಕಿವಿ ಒಂದೇ ಸಮ ಮಂದವಾಗಿದ್ದವು. ಬಾಯಿ ತಂದು ಕಿವಿಗಿಟ್ಟು ಕೂಗಬೇಕು. ನೀರು ನೋಡುವುದು ಹೇಗೆ ಎಂದು ಕೇಳಿದೆ. ಕೋಲಿಲ್ಲ, ತೆಂಗಿನಕಾಯಿಯಿಲ್ಲ. ಹೊಲದಲ್ಲಿ ಬರಿಗಾಲಲ್ಲಿ ನಡೆಯುತ್ತಾ ಹೋದರೆ ನೀರಿದ್ದ ಕಡೆ ಮೈ ತಾನಾಗಿ ವಾಲುತ್ತದೆ ಎಂದ. ಈಗ ಒಂದು ವರ್ಷದಿಂದ ನೀರಿಲ್ಲದ ಕಡೆಯೂ ವಾಲಲು ಶುರುವಾಗಿತ್ತು. ಎರಡು ಸಲ ಬಾವಿಯೊಳಗೆ ಹಗ್ಗದ ಮೇಲಿದ್ದಾಗಲೇ ತಲೆ ತಿರುಗಿ ಕೈಬಿಟ್ಟಿದ್ದ. ಒಮ್ಮೆ ಕೆಸರು ಉಳಿಸಿತು, ಒಮ್ಮೆ ಬಂಡೆಯ ಅಂಚು.

"ಮೂರನೇದಕ್ಕೆ ಏನೂ ಉಳ್ಸಾಕಿಲ್ಲ ಸ್ವಾಮಿ. ಬಾವಿ ಬಿಡು ಅಂದ್ರೆ ಕೇಳಾಕಿಲ್ಲ ಈ ಮನ್ಷ" ಎಂದಳು ತಿಪ್ಪಮ್ಮ.

ಔಷಧಿಗೆ ಬಗ್ಗುವ ಹಂತ ದಾಟಿತ್ತು. ರೋಗ ಹಿಡಿದ ಕಿವಿಯ ಒಳಗಿನ ಸಮತೋಲದ ಭಾಗವನ್ನು ಆಪರೇಷನ್ ಮಾಡಿ ತೆಗೆದುಬಿಟ್ಟರೆ, ಇನ್ನೊಂದು ಕಿವಿ ನಿಧಾನವಾಗಿ ಎರಡರ ಕೆಲಸ ಕಲಿತು ಮನುಷ್ಯ ನೆಟ್ಟಗಾಗುತ್ತಾನೆ. ಆದರೆ ತಪ್ಪಿ ಗಟ್ಟಿ ಕಿವಿಯನ್ನು ತೆಗೆದರೆ ಮುಗಿಯಿತು. ಉಳಿದದ್ದು ರೋಗದ ಕಿವಿ ಒಂದೇ. ಅಂಥವನು ಕತ್ತಲಲ್ಲಿ ಒಂದು ಹೆಜ್ಜೆ ನಿಲ್ಲಲಾರ, ಬಾವಿಯ ಮಾತಿರಲಿ. ಕಿವುಡು ಎರಡೂ ಕಡೆ ಸಮ ಇದ್ದುದರಿಂದ ರೋಗ ಯಾವ ಕಡೆಗಿದೆ ಎಂದು ಹೇಳಬೇಕಾದದ್ದು ನಮ್ಮ ಪೆಟ್ಟಿಗೆಯೊಂದೇ.

ಕಿವಿಯ ಒಳಗಿನ ದ್ರವದ ಕಥೆಯನ್ನು ಓಬಯ್ಯನಿಗೆ ಕೂಗಿ ಕೂಗಿ ಹೇಳಿದೆ. ಅವನು ತಲೆ ಅಲ್ಲಾಡಿಸಿ ಕೇಳಿ, "ಅಂದ್ರೆ ಮನುಷ್ಯನ ಒಳಗೂ ನೀರೈತೆ ಅನ್ರಿ" ಎಂದ. ಹೌದಪ್ಪ, ಆದರೆ ಅಲ್ಲಿ ಬಾವಿ ತೋಡಬೇಡ ಎಂದು ನಾನು ಹಾಸ್ಯ ಮಾಡಿದೆ.

ಹಳೆಯ ಕಟ್ಟಡದ ಒಂದು ಕೋಣೆ ಕೊಟ್ಟಿದ್ದರು. ಇಡೀ ಕೋಣೆಗೆ ಪ್ಲಗ್ಗು ಒಂದೇ, ಅದೂ ಎಡಗೋಡೆಯಲ್ಲಿ. ತಂತಿ ಗಿಡ್ಡ. ಹಾಗಾಗಿ ಯಂತ್ರವನ್ನು ಮಂಚದ ಎಡಕ್ಕೆ ಇಟ್ಟೆವು. ಇದನ್ನು ನಾನೇ ಮಾಡಿದೆ, ನನ್ನ ಕೈಯಾರೆ. ಆಮೇಲೆ ಕಂಬಳಿ ಎಳೆದೆವು, ಕತ್ತಲಾಯಿತು, ಕಾಲು ತನ್ನ ಹಳೆಯ ಲೆಕ್ಕ ಹಿಡಿಯಿತು. ಯಂತ್ರದ ಪಕ್ಕ ನಿಂತು, ಕೈಗೆ ಹತ್ತಿರದ ಕಿವಿಗೆ ತಣ್ಣೀರು ಬಿಟ್ಟು, "ಒಂದು" ಎಂದೆ.

ಹಾಲೇಶಿ "ಬಲ" ಎಂದು ಬರೆದ.

ಇಲ್ಲಿ ನೋಡಿ ಯಂತ್ರದ ದೊಡ್ಡತನ. ಅದು ಸುಳ್ಳು ಹೇಳಲಿಲ್ಲ. ಸಣ್ಣ ಹಲ್ಲು ಬಂತು, ಅದೂ ತಿರುಗುಮುರುಗು. ಇದು ಬಲಗಿವಿ ಅಲ್ಲ ಕಣಯ್ಯ ಎಂದು ಪೆನ್ನು ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಕೂಗಿತು. ಕೆಂಪು ಟಾರ್ಚಿನ ಮಿಣುಕಿನಲ್ಲಿ ಬಗ್ಗಿ ನೋಡಿದ ನನಗೆ ಏನನ್ನಿಸಿತು ಗೊತ್ತೇ? ಓಹೋ, ಹಾಲೇಶಿಯ ಸರದಿ ಬಂತು. ಚನ್ನಗಿರಿಯ ಬಾಕಿ ತೀರಿಸಲು ತಂತಿ ಅದಲುಬದಲು ಮಾಡಿದ್ದಾನೆ, ನಾನು ಬೆವರುವುದನ್ನು ನೋಡಲು ಕಾಯುತ್ತಿದ್ದಾನೆ. ನಾನು ಯಾರು? ತುಟಿಪಿಟಕ್ಕೆನ್ನದೆ ಕೈಚಾಚಿ, ಗೆರೆಯ ದಿಕ್ಕು ಬದಲಿಸುವ ಸ್ವಿಚ್ಚು ತಿರುಗಿಸಿದೆ. ಮೊದಲ ಗೇಣುದ್ದದ ಕಾಗದವನ್ನು ಹರಿದು ಮುದುರಿ ಜೇಬಿಗಿಟ್ಟುಕೊಂಡೆ. ಸ್ವಲ್ಪ ಬಿಟ್ಟು ಮತ್ತೆ ನೀರು ಬಿಟ್ಟರೆ ಹಲ್ಲು ಪುಸ್ತಕದಲ್ಲಿದ್ದಂತೆ ಅಚ್ಚುಕಟ್ಟಾಗಿ ಬಂತು, ಸಣ್ಣದಾಗಿ.

ಪಾಪ, ಹಾಲೇಶಿ ಏನೂ ಮಾಡಿರಲಿಲ್ಲ. ನಾನು ಸ್ವಿಚ್ಚು ಮುಟ್ಟಿದ್ದು, ಪೆಟ್ಟಿಗೆಗೆ ಏನೋ ರಿಪೇರಿ ಎಂದು ಅವನು ತಿಳಿದುಕೊಂಡಿದ್ದ.

ಮಂಚ ಸುತ್ತಿ ಹೋಗಿ ದೂರದ ಕಿವಿಗೆ ನೀರು ಬಿಟ್ಟೆ. "ಎರಡು." ನೀನು ನೀರು ತೋರಿಸಿದ ಬಾವಿಗಳ ಹೆಸರು ಹೇಳಯ್ಯಾ ಎಂದು ಹಾಲೇಶಿ ಓಬಯ್ಯನ ಕಿವಿಗೆ ಕೂಗಿದ. ಓಬಯ್ಯ ಶುರುಮಾಡಿದ. ಇಂಥವರ ಹೊಲದ ಬಾವಿ, ಮೂರಾಳು ಆಳ. ಇಂಥವರ ಬಾವಿ, ಐದಾಳು, ನೀರು ಸವುಳು. ಪೆನ್ನು ದೊಡ್ಡ ದೊಡ್ಡ ಹಲ್ಲು ಕೊರೆಯುತ್ತಿತ್ತು. ನನಗೆ ತಡೆಯಲಾಗದ ಖುಷಿ. ಹಾಲೇಶಿಯ ಆಟವನ್ನು ಸೋಲಿಸಿದ್ದೇನೆ, ಈಗ ಅವನ ಹಿಂದೆ ಹೋಗಿ ಕತ್ತು ಹಿಡಿದು ಬೆಚ್ಚಿಬೀಳಿಸಬೇಕು. ಬರಿಗಾಲಲ್ಲಿ, ಉಸಿರು ಬಿಗಿಹಿಡಿದು, ಸದ್ದಿಲ್ಲದೆ ನಗುತ್ತಾ, ಮಂಚದ ಕಾಲಬದಿಯಿಂದ ನಿಧಾನ ಸುತ್ತಿ ಬಂದೆ.

ಓಬಯ್ಯನ ಮಾತು ನಿಂತಿತು. ಅರ್ಧ ಹೆಸರಿಗೆ ನಿಂತಿತು.

ಪೆನ್ನಿನ ಕೆರೆತವೂ ನಿಂತಿತು. ಕತ್ತಲಲ್ಲಿ ಆ ಸದ್ದು ಇದ್ದಾಗ ಗೊತ್ತಾಗುವುದಿಲ್ಲ, ನಿಂತಾಗ ಮೈಮೇಲೆ ಬೀಳುತ್ತದೆ. ನಾನು ಅವನ ಹಿಂದೆ ನಿಂತು ಟಾರ್ಚಿನ ಬೆಳಕಲ್ಲಿ ನೋಡಿದೆ. ಹಲ್ಲುಗಳು ಒಮ್ಮೆಗೇ ಅಳಿಸಿಹೋಗಿ, ಒಂದು ನುಣುಪಾದ ಓರೆ ಗೆರೆ ಕಾಗದದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರಿ ಹೋಗಿತ್ತು. ಅಲ್ಲೇ ನಿಂತಿತ್ತು. ಆಮೇಲೆ ಹಲ್ಲು ಮತ್ತೆ ಶುರುವಾದವು, ಓಬಯ್ಯನ ಬಾವಿಗಳೂ ಶುರುವಾದವು.

ಈ ಕಸುಬಿನಲ್ಲಿರುವವರಿಗೆ ಅದರ ಅರ್ಥ ಗೊತ್ತು. ನುಣುಪು ಗೆರೆ ಬೇಕೆಂದರೂ ಬರುವುದಿಲ್ಲ. ಕಣ್ಣು ಹಾಗೆ ಒಂದೇ ಸಮ ಜಾರಬೇಕಾದರೆ ಎದುರಿಗೆ ಏನೋ ನಡೆದುಹೋಗಬೇಕು, ಕಣ್ಣು ಅದನ್ನು ಹಿಂಬಾಲಿಸಬೇಕು. ನೀವೇ ಕತ್ತಲಲ್ಲಿ ಸುಮ್ಮನೆ ಪ್ರಯತ್ನಿಸಿ ನೋಡಿ, ಕಣ್ಣು ಕುಪ್ಪಳಿಸುತ್ತದೆಯೇ ಹೊರತು ಜಾರುವುದಿಲ್ಲ. ಆ ಕೋಣೆಯಲ್ಲಿ ಬೆಳಕಿರಲಿಲ್ಲ, ಓಬಯ್ಯನ ಕಣ್ಣಿಗೆ ಕರಿ ಬಟ್ಟೆ. ಹಾಲೇಶಿ ಆ ಗೆರೆಯ ಮೇಲೆ ಒಂದು ಪ್ರಶ್ನೆ ಚಿಹ್ನೆ ಹಾಕಿದ. ಪೆಟ್ಟಿಗೆಯ ದೋಷ ಎಂದು ನಾನು ಹೇಳಿದೆ. ಕತ್ತು ಹಿಡಿಯುವ ಆಟ ಮರೆತೇಹೋಯಿತು.

ಬೆಳಕು ಹಾಕಿದ ಮೇಲೆ ಓಬಯ್ಯ ಎದ್ದು ಕೂತು ತನ್ನ ಎಡಗಿವಿಯನ್ನು ಅಂಗೈಯಿಂದ ಒತ್ತಿಕೊಂಡ. "ಸ್ವಾಮಿ, ರೋಗ ಈ ಕಡೀಗೈತೆ. ಬೀಳೋ ಮುಂಚೆ ಇದೇ ಭಾರ ಆಗತೈತೆ."

ಕಾಗದ ನೋಡಿದೆ. ಸಣ್ಣ ಹಲ್ಲಿನ ಪಕ್ಕ "ಬಲ" ಎಂದಿತ್ತು. ನಾನು ಅವನ ಮುಖದ ಮುಂದೆ ಸುರುಳಿ ಹಿಡಿದು, ಪರದೇಶದ ಯಂತ್ರ ಬಲಗಡೆ ಎನ್ನುತ್ತದೆ, ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ನಿನ್ನದು ಬರೀ ಭ್ರಮೆ ಎಂದು ಕೂಗಿದೆ. ಅಷ್ಟಕ್ಕೂ ಬಿಡಲಿಲ್ಲ. ಡಾಕ್ಟರಮ್ಮ ಕೇಳಿದರೆ ಬಲ ಅನ್ನು, ಎಡ ಬಲ ಎಂದು ಗೊಂದಲ ಮಾಡಿ ಅವರ ಹೊತ್ತು ಕಳೆಯಬೇಡ ಎಂದೂ ಪಾಠ ಹೇಳಿಕೊಟ್ಟೆ. ನೆಲದಡಿಯ ನೀರನ್ನು ಮೈಯಿಂದ ಅರಿತ ಮನುಷ್ಯ ನನ್ನ ಕಾಗದವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಂಗೈಯನ್ನು ಎಡಗಿವಿಯಿಂದ ತೆಗೆದು, ನಿಧಾನವಾಗಿ ಬಲಗಿವಿಗೆ ಇಟ್ಟುಕೊಂಡ. ಆ ಕೈ ಈಗಲೂ ನನ್ನ ಕಣ್ಣಮುಂದೆ ಇದೆ.

ಓಬಯ್ಯನ ಆಪರೇಷನ್ನಿಗೆ ಗೊತ್ತುಮಾಡಿದ್ದ ದಿನ ನಾವು ನ್ಯಾಮತಿಯ ಶಿಬಿರದಲ್ಲಿದ್ದೆವು. ಬೆಳಿಗ್ಗೆ ಹತ್ತರ ಸುಮಾರು. ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಸರದಿ. ಆಕೆಯ ಬಲಗಿವಿಯ ತಮಟೆ ತೂತಾಗಿತ್ತು. ಅದಕ್ಕೆ ನೀರು ತಾಗಿಸಬೇಡಿ, ಎಡಗಿವಿಗೆ ಮಾತ್ರ ಬಿಡಿ ಎಂದು ಡಾಕ್ಟರು ಚೀಟಿ ಬರೆದು, ಗುರುತಿಗೆ ಬಲಗಿವಿಯಲ್ಲಿ ಹತ್ತಿ ತುರುಕಿ ಕಳಿಸಿದ್ದರು. ಕಂಬಳಿ ಎಳೆದೆವು. ಒಂದನೇ ಕಿವಿ ಬಿಡಬೇಕು, ಎರಡನೇದಕ್ಕೆ ಹೋಗಬೇಕು. ಕತ್ತಲಲ್ಲಿ ಮಂಚ ಸುತ್ತಿ, ದೂರದ ಕಿವಿಯ ಹತ್ತಿರ ನಿಂತು, ನೀರಿನ ನಳಿಕೆ ಇಡಲು ಬೆರಳಿನಿಂದ ಕಿವಿಯ ಬಾಯಿ ತಡಕಿದೆ.

ಬೆರಳಿಗೆ ಹತ್ತಿ ಸಿಕ್ಕಿತು.

ನನಗೇ ತಲೆ ತಿರುಗಿದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ. ಕೋಣೆ ಒಂದು ಸುತ್ತು ಹಾಕಿ, ಬಲ ಇದ್ದಲ್ಲಿ ಎಡ, ಎಡ ಇದ್ದಲ್ಲಿ ಬಲ ಬಂದು ಕೂತ ಹಾಗಾಯಿತು. ಕಂಬಳಿ ಕಿತ್ತೆ. ಬೆಳಕಲ್ಲಿ ನೋಡಿದರೆ ಯಂತ್ರ ಮಂಚದ ಎಡಕ್ಕಿತ್ತು. ಪ್ಲಗ್ಗು ಎಡಗೋಡೆಯಲ್ಲಿತ್ತು. ಹಾಲೇಶಿ ಪ್ಲಗ್ಗು ನೋಡಿದ, ನನ್ನ ಮುಖ ನೋಡಿದ.

"ಜಗಳೂರಾಗೂ ಪ್ಲಗ್ಗು ಇದೇ ಕಡೆ ಇತ್ತಲ್ರೀ" ಎಂದ.

ಆಪರೇಷನ್ ಇದ್ದದ್ದು ಮಧ್ಯಾಹ್ನ. ಅಂಚೆ ಕಚೇರಿಗೆ ಓಡಿ ಟ್ರಂಕ್ ಕಾಲ್ ಹಾಕಿಸಿದೆ. ಲೈನು ಸಿಗಲಿಲ್ಲ. ಹೊನ್ನಾಳಿ ಮೇಲೆ ಪೇಟೆಗೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಹಾಲೇಶಿ ಬಸ್ಸಿನ ಬಾಗಿಲವರೆಗೂ ಬಂದು, "ನನ್ ಹೆಸ್ರು ಹೇಳ್ರಿ. ಕಾಗದದ ಮ್ಯಾಲೆ ಬಲ ಅಂತ ಬರ್ದಿದ್ದು ನಾನೇ ಅಲ್ವಾ. ನಿಮ್ದು ಆಗ್ಲೇ ಬಾಳ ಆಗೈತೆ" ಎಂದ. ಸುಳ್ಳು ಹೇಳಲಾರೆ, ಬಸ್ಸು ಹೊನ್ನಾಳಿ ದಾಟುವವರೆಗೂ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ರುಚಿ ನೋಡಿದೆ. ಕಿಟಕಿಯ ಪಕ್ಕ ಕೂತವರ ಕಿವಿಗಳನ್ನೇ ನೋಡುತ್ತಿದ್ದೆ. ಯಾರದು ಎಡ, ಯಾರದು ಬಲ ಎಂದು ನನ್ನ ಕೈ ಎತ್ತಿ ಎತ್ತಿ ಲೆಕ್ಕ ಹಾಕುತ್ತಿದ್ದೆ. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಹೊರಗೆ ತಿಪ್ಪಮ್ಮ ಗಂಡನ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಗಿಲು ಬಡಿ‌ದೆ. ಬಂದವಳು ಅದೇ ನರ್ಸು, ಗೋಡೆ ತಬ್ಬಿಕೊಂಡಿದ್ದವಳು. ಆಪರೇಷನ್ ನಿಲ್ಲಿಸಿ, ಕಿವಿ ತಪ್ಪಾಗಿದೆ ಎಂದೆ. ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಕರೆಂಟ್ ಆಯ್ತು, ಈಗ ಕಿವೀನಾ? ನಿಮ್ಗೆ ವಯಸ್ಸಾದ್ರೂ ಬುದ್ಧಿ ಬರಲ್ಲ" ಎಂದು ಬಾಗಿಲು ಹಾಕಲು ಹೋದಳು. ಕಾಲು ಅಡ್ಡ ಇಟ್ಟೆ. ಒಳಗಿನಿಂದ ಡಾಕ್ಟರ ದನಿ ಕೇಳಿತು. ಯಾರು ಎಂದರು. ಹೇಳಿದಳು. ಇವತ್ತೂ ನಗು ಬಂತಾ ಅವನಿಗೆ ಎಂದರು.

ಆಮೇಲೆ ನಾನು ಮಾಡಿದ್ದಕ್ಕೆ ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಳ್ಳುತ್ತೇನೆ, ಬೇರೆ ಯಾರೂ ಕೊಡಲಿಲ್ಲ. ಪ್ಲಗ್ಗಿನ ಕಥೆ ಹೇಳುತ್ತಾ ನಿಂತರೆ ಯಾರೂ ನಂಬುವುದಿಲ್ಲ ಎಂದು ಗೊತ್ತಾಯಿತು. ನನ್ನ ಮಾತಿಗೆ ಆ ಆಸ್ಪತ್ರೆಯಲ್ಲಿ ಬೆಲೆ ಇರಲಿಲ್ಲ, ಅದನ್ನು ನಾನೇ ಕಳೆದಿದ್ದೆ. "ನನ್ನ ನಂಬಬೇಡಿ ಡಾಕ್ಟ್ರೇ. ಮಂಜುಗಡ್ಡೆ ನೀರು ಬಲಗಿವಿಗೆ ಬಿಡಿ. ನೀವೇ ಅವನ ಕಣ್ಣು ನೋಡಿ" ಎಂದೆ.

ಓಬಯ್ಯನಿಗೆ ಇನ್ನೂ ಮತ್ತಿನ ಔಷಧಿ ಕೊಟ್ಟಿರಲಿಲ್ಲ. ಡಾಕ್ಟರು ಮಂಜುಗಡ್ಡೆ ತರಿಸಿದರು. ಸಿರಿಂಜಿನಿಂದ ಬಲಗಿವಿಗೆ ನೀರು ಬಿಟ್ಟು, ಹಾಕಿಕೊಂಡವನಿಗೆ ಎದುರಿನದೇನೂ ನೆಟ್ಟಗೆ ಕಾಣದಂಥ ದಪ್ಪ ಗಾಜಿನ ಕನ್ನಡಕವನ್ನು ಓಬಯ್ಯನಿಗೆ ಹಾಕಿ, ಅದರೊಳಗೆ ದೊಡ್ಡದಾಗಿ ಕಾಣುವ ಅವನ ಕಣ್ಣುಗಳ ಮೇಲೆ ಬಗ್ಗಿದರು. ಯಂತ್ರವಿಲ್ಲ, ಪೆನ್ನಿಲ್ಲ, ಕಾಗದವಿಲ್ಲ. ಕೆಲವೇ ಕ್ಷಣದಲ್ಲಿ ಆ ಎರಡು ಕಣ್ಣು ಗಾಜಿನ ಹಿಂದೆ ಹುಚ್ಚೆದ್ದು ಕುಣಿಯತೊಡಗಿದವು. ಸಾಯಿಸಲು ಹೊರಟಿದ್ದ ಕಿವಿ ಬದುಕಿದ್ದೇನೆ ಎಂದು ಹೇಳುತ್ತಿತ್ತು. ಅದು ತಣಿದ ಮೇಲೆ ಎಡಗಿವಿಗೆ ಬಿಟ್ಟರು. ಕಣ್ಣುಗಳು ಕದಲಿಯೂ ಕದಲದ ಹಾಗೆ ನಿಂತಿದ್ದವು, ಮೀನಿನ ಕಣ್ಣಿನ ಹಾಗೆ ನಮ್ಮನ್ನೇ ನೋಡುತ್ತಾ.

ಡಾಕ್ಟರು ಓಬಯ್ಯನ ಕಿವಿಗೆ ಬಾಯಿಟ್ಟು, ಬಲಗಡೆ ಅಂತ ಯಾಕೆ ಹೇಳಿದೆ ಎಂದು ಕೇಳಿದರು.

"ಇವರ ಯಂತ್ರ ಅಂಗಂತು ತಾಯಿ. ಅದು ಪರದೇಶದ್ದು. ನಾನು ಸೊಕ್ಕೆಯವ್ನು" ಎಂದ.

ಡಾಕ್ಟರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಎಡಗಿವಿಯ ಆಪರೇಷನ್ ಅದೇ ವಾರ ಆಯಿತು, ಚೆನ್ನಾಗಿಯೇ ಆಯಿತು. ಹಾಲೇಶಿಯ ಹೆಸರು ನಾನು ಹೇಳಲಿಲ್ಲ ಎನ್ನುವುದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ, ನನ್ನ ಜಂಬಕ್ಕೆ ಅಷ್ಟಾದರೂ ಆಹಾರ ಬೇಕಲ್ಲ.

ಆರು ತಿಂಗಳ ಮೇಲೆ ಓಬಯ್ಯ ಮರುಪರೀಕ್ಷೆಗೆ ಬಂದ. ತಲೆಸುತ್ತು ಹೋಗಿತ್ತು. ನೆಟ್ಟಗೆ ನಡೆಯುತ್ತಿದ್ದ. ಮತ್ತೆ ಬಾವಿಗೂ ಇಳಿಯುತ್ತಿದ್ದನಂತೆ. ತಿಪ್ಪಮ್ಮ ಈ ಸಲ ನನ್ನನ್ನು ಬಯ್ದಳು, ವಾಸಿ ಮಾಡಿದ್ದಕ್ಕೆ. ಪರೀಕ್ಷೆ ಶುರು ಮಾಡುವ ಮೊದಲು, ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ, ನಾನು ಜೋಪಾನ ಮಾಡಿದ್ದ ಜಗಳೂರಿನ ಸುರುಳಿ ಬಿಚ್ಚಿ ಆ ಓರೆ ಗೆರೆ ತೋರಿಸಿದೆ. ಇಲ್ಲಿ ನಿನ್ನ ಕಣ್ಣು ಏನನ್ನೋ ನೋಡಿಕೊಂಡು ಹೋಗಿದೆ, ಏನದು ಎಂದು ಕೂಗಿ ಕೇಳಿದೆ. ನೆಲದಡಿಯ ನೀರು ಎನ್ನುತ್ತಾನೆ ಎಂದುಕೊಂಡಿದ್ದೆ.

ಓಬಯ್ಯ ಗೆರೆಯ ಮೇಲೆ ಬೆರಳಿಟ್ಟು, ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನ ಎಳೆದ.

"ನೀವು ನನ್ ಕಾಲ್ತಾವಲಿಂದ ಸುತ್ತಾಕ್ಕಂಡು ಬಂದ್ರಲ್ಲ. ನಗ್ತಾ."

ನನ್ನ ಬೆನ್ನಿಗೆ ತಣ್ಣೀರು ಬಿಟ್ಟ ಹಾಗಾಯಿತು. ನಿನ್ನ ಕಣ್ಣು ಕಟ್ಟಿತ್ತು, ಕಿವಿ ಕೇಳುವುದಿಲ್ಲ, ನಾನು ಬರಿಗಾಲಲ್ಲಿದ್ದೆ, ಹೇಗೆ ಗೊತ್ತಾಯಿತು ಎಂದೆ. ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೂರು ಸಲ ಹೇಳಬೇಕಾಯಿತು.

"ಮನುಷ್ಯನ ಒಳಗೂ ನೀರೈತೆ ಅಂತ ನೀವೇ ಅಂದ್ರಲ್ಲ" ಎಂದ.

ಅಂದರೆ ಆವತ್ತೇ ಅವನಿಗೆ ಗೊತ್ತಿತ್ತು. ಕತ್ತಲಲ್ಲಿ ನಗುತ್ತಾ ಓಡಾಡುವವನು ಹಿಡಿದ ಕಾಗದ ಅದು ಎಂದು ಗೊತ್ತಿದ್ದೂ ಅಂಗೈಯನ್ನು ಎಡದಿಂದ ಬಲಕ್ಕೆ ಸರಿಸಿದ್ದ. ಈಗಲೂ ಹಾಗೆ ಗೊತ್ತಾಗುತ್ತದೆಯೇ ಎಂದು ಕೇಳಿದೆ.

ಅವನು ತಲೆ ಅಲ್ಲಾಡಿಸಿದ. ಹೊಲದಲ್ಲಿ ನಡೆದರೂ ಈಗ ಮೈ ವಾಲುವುದಿಲ್ಲವಂತೆ. ಬೇರೆಯವರು ತೋರಿಸಿದ ಕಡೆ ಬಾವಿ ತೋಡಿಕೊಡುತ್ತಾನಂತೆ. ದುಃಖವಿಲ್ಲದೆ, ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದ. ಆಮೇಲೆ ಮಂಚದ ಮೇಲೆ ಮಲಗಿದ. ನಾನು ಕಂಬಳಿ ಎಳೆದೆ. ಅವನ ಕಣ್ಣಿಗೆ ಕರಿ ಬಟ್ಟೆ ಕಟ್ಟುವಾಗ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

"ಈಗ ನೀವು ಎಲ್ಲಿ ನಿಂತ್ರೂ ನಂಗೆ ಗೊತ್ತಾಗಾಕಿಲ್ಲ ಸ್ವಾಮಿ. ಹೇಳಿ ಮುಟ್ರಿ."

ನಾನು ಅವನ ಬಲಗಿವಿಗೆ ಬಾಯಿಟ್ಟು, ಇದು ಬಲ, ಹೌದಾದರೆ ಈ ಕಡೆಯ ಕೈ ಎತ್ತು ಎಂದು ಕೂಗಿದೆ. ಕತ್ತಲಲ್ಲಿ ಕೈ ಎದ್ದದ್ದು ಕಾಣಲಿಲ್ಲ. ತಡಕಿದೆ, ಸಿಕ್ಕಿತು. ಹಿಡಿದು ನೋಡಿ, ಆಮೇಲೆ ನೀರು ಬಿಟ್ಟೆ.